‘ಒಳ್ಳೆ ಪುಸ್ತಕ ಯಾವುದು?’ ಎಂದು ಕೇಳಬೇಡಿ

ಈ ಕಾಲೇಜಿಗೆ ಸೇರಿದ ಮೊದಲ ತಿಂಗಳು ನಾನು ಕನ್ನಡ ತರಗತಿಯಲ್ಲಿ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದೆ. ಪಾಠ ಓದಲು ಸರ್ ನನ್ನನ್ನು ಎಬ್ಬಿಸಬಾರದು ಎಂಬುದೊಂದೇ ಕಾರಣ. ಹತ್ತನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಮಾಧ್ಯಮದಲ್ಲಿ. ಕನ್ನಡ ಮಾತಾಡಲು ಬರುತ್ತಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಪಕ್ಕದ ಮನೆಯವರ ಜೊತೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಪುಟದ ಮೇಲಿನ ಕನ್ನಡ ಬೇರೆಯೇ ಭಾಷೆ ಅನ್ನಿಸುತ್ತಿತ್ತು. ಒತ್ತಕ್ಷರ ಬಂದಲ್ಲೆಲ್ಲ ನಾಲಿಗೆ ನಿಂತುಬಿಡುತ್ತಿತ್ತು. ‘ಮುಂದೆ ಯಾವ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದರೂ ಕನ್ನಡ ಬೇಕು’ ಎಂದು ಅಬ್ಬಾ ಹಠ ಹಿಡಿದು ಭಾಷಾ ವಿಷಯಕ್ಕೆ ಕನ್ನಡವನ್ನೇ ಬರೆಸಿದ್ದರು. ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಬಂದದ್ದು 25ಕ್ಕೆ 6. ಭಾಷೆ ಬದಲಾಯಿಸಿಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡು ಎರಡು ವಾರ ಓಡಾಡಿದೆ.

ಆ ಅರ್ಜಿಯನ್ನು ನಾನು ಕೊಡಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಕೆಲವರು ನನಗೆ ಕೆಲವು ಪುಸ್ತಕಗಳನ್ನು ಹೇಳಿದರು. ಅವುಗಳನ್ನು ಓದುತ್ತಾ ಓದುತ್ತಾ ಕನ್ನಡ ನನ್ನದಾಯಿತು. ಈಗ ದ್ವಿತೀಯ ಪಿಯುಸಿಯಲ್ಲಿದ್ದೇನೆ, ಎರಡನೇ ಬೆಂಚಿಗೆ ಬಂದಿದ್ದೇನೆ. ‘ನೀನು ಪುಸ್ತಕ ಹೇಗೆ ಆರಿಸ್ತೀಯ? ನಮಗೆ ಯಾವುದು ತಗೊಂಡರೂ ಎರಡು ಪುಟಕ್ಕೇ ಬೇಜಾರಾಗುತ್ತೆ’ ಎಂದು ಕೆಲವು ಗೆಳತಿಯರು ಕೇಳಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನಾನು ಪುಸ್ತಕ ಆರಿಸುವುದೇ ಇಲ್ಲ, ಜನರನ್ನು ಆರಿಸುತ್ತೇನೆ. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು, ಓದಿದ ಮೇಲೆ ಅವರಿಗೆ ಏನು ಹೇಳಬೇಕು, ಇಷ್ಟು ಗೊತ್ತಾದರೆ ಪುಸ್ತಕ ತಾನಾಗಿ ಸಿಗುತ್ತದೆ. ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು.

ಪುಸ್ತಕ ಒಳ್ಳೆಯದೇ, ಹೊತ್ತು ನನ್ನದಲ್ಲ

ಕನ್ನಡ ಸುಧಾರಿಸಬೇಕು ಎಂದು ನಾನು ಮೊದಲು ಕೇಳಿದ್ದು ನಮ್ಮ ಬೀದಿಯಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರನ್ನು. ‘ಸರ್, ಕನ್ನಡದಲ್ಲಿ ಒಳ್ಳೆ ಪುಸ್ತಕ ಯಾವುದು?’ ಎಂದೆ. ಅವರು ಒಂದು ಕ್ಷಣವೂ ಯೋಚಿಸದೆ ‘ಮಲೆಗಳಲ್ಲಿ ಮದುಮಗಳು’ ಎಂದರು. ತಮ್ಮ ಬೀರುವಿನಿಂದಲೇ ತೆಗೆದುಕೊಟ್ಟರು. ಕುವೆಂಪು ಅವರ ಈ ಕಾದಂಬರಿ ಪ್ರಕಟವಾದದ್ದು 1967ರಲ್ಲಿ. ಇಟ್ಟಿಗೆಯಷ್ಟು ದಪ್ಪ. ಮಲೆನಾಡಿನ ಆಡುಮಾತು, ಹತ್ತಾರು ಪಾತ್ರಗಳು, ಒಂದು ಹಟ್ಟಿಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಕಾಡಿಗೆ ಹೋಗುವ ಕತೆ. ನಾನು ಹದಿನೈದನೇ ಪುಟಕ್ಕೆ ಬರುವಷ್ಟರಲ್ಲಿ ಯಾರು ಯಾರ ಮನೆಯವರು ಎಂಬುದೇ ಮರೆತುಹೋಯಿತು. ಮೂರು ದಿನ ಪ್ರಯತ್ನಪಟ್ಟು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಲಮಾರಿಯ ಮೇಲೆ ಇಟ್ಟೆ.

ಮೇಷ್ಟ್ರು ಹೇಳಿದ್ದು ತಪ್ಪಲ್ಲ. ಕನ್ನಡದ ಅತಿ ದೊಡ್ಡ ಕಾದಂಬರಿಗಳಲ್ಲಿ ಅದೂ ಒಂದು. ನನ್ನ ಪ್ರಶ್ನೆಯೇ ತಪ್ಪಾಗಿತ್ತು. ‘ಒಳ್ಳೆ ಪುಸ್ತಕ ಯಾವುದು?’ ಎಂದು ಕೇಳಿದರೆ ಎದುರಿಗಿದ್ದವರು ತಮಗೆ ಗೊತ್ತಿರುವ ಅತಿ ದೊಡ್ಡ ಹೆಸರನ್ನು ಹೇಳುತ್ತಾರೆ. ಕೇಳುತ್ತಿರುವವಳು ಎಷ್ಟು ಓದಬಲ್ಲಳು, ಅವಳಿಗೆ ಏನು ಇಷ್ಟ ಎಂಬುದು ಆ ಪ್ರಶ್ನೆಯಲ್ಲಿ ಇರುವುದೇ ಇಲ್ಲ. ಊಟಕ್ಕೆ ಬಂದವರ ವಯಸ್ಸು ಗೊತ್ತಿಲ್ಲದೆ ಬಡಿಸಿದ ಹಾಗೆ ಆಗುತ್ತದೆ. ಆದರೆ ಆಗ ನನಗೆ ಇದು ಹೊಳೆಯಲಿಲ್ಲ. ‘ಇಷ್ಟು ಒಳ್ಳೆಯ ಪುಸ್ತಕ ನನಗೆ ಅರ್ಥವಾಗಲಿಲ್ಲ ಅಂದರೆ ಕನ್ನಡ ನನ್ನಿಂದ ಆಗುವುದಿಲ್ಲ’ ಎಂದುಕೊಂಡೆ. ಅರ್ಜಿ ಬರೆದದ್ದು ಅದೇ ವಾರ. ತಪ್ಪಾದ ಒಂದು ಶಿಫಾರಸು ಬರೀ ಒಂದು ಸಂಜೆಯನ್ನು ಹಾಳು ಮಾಡುವುದಿಲ್ಲ. ಕೆಲವೊಮ್ಮೆ ‘ನಾನು ಓದುವವಳಲ್ಲ’ ಎಂಬ ತೀರ್ಮಾನಕ್ಕೇ ತಂದು ನಿಲ್ಲಿಸುತ್ತದೆ. ನಮ್ಮಲ್ಲಿ ಎಷ್ಟೋ ಜನ ಓದು ಬಿಟ್ಟಿರುವುದು ಸೋಮಾರಿತನದಿಂದಲ್ಲ, ಹೀಗೆ ಎಂದು ನನಗನ್ನಿಸುತ್ತದೆ.

ಲೈಬ್ರರಿ ಮೇಡಂ ಕೇಳಿದ ಮೂರು ಪ್ರಶ್ನೆಗಳು

ಒಂದು ದಿನ ಮಳೆ ಬಂದು ಬಸ್ ತಡವಾಯಿತು. ಕಾಲೇಜಿನ ಲೈಬ್ರರಿಯಲ್ಲಿ ಸುಮ್ಮನೆ ಕೂತಿದ್ದೆ. ಮೇಡಂ ಕರೆದು ‘ಏನಮ್ಮಾ, ಏನಾದ್ರೂ ಬೇಕಾ?’ ಎಂದರು. ‘ಕನ್ನಡ ಕಲಿಯೋಕೆ ಒಂದು ಪುಸ್ತಕ’ ಎಂದೆ. ಅವರು ಕಪಾಟಿನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿ ಮೂರು ಪ್ರಶ್ನೆ ಕೇಳಿದರು.

ಮೊದಲನೆಯದು: ‘ಯಾವ ಭಾಷೆಯಲ್ಲಾದರೂ ಸರಿ, ನೀನು ಕೊನೆಗೆ ಪೂರ್ತಿ ಓದಿ ಮುಗಿಸಿದ್ದು ಏನು?’ ನಾನು ಉರ್ದುವಿನ ಮಕ್ಕಳ ಮಾಸಪತ್ರಿಕೆಯೊಂದರ ಬೇಟೆಯ ಕತೆ ಎಂದೆ. ಹೇಳಲು ನಾಚಿಕೆಯಾಯಿತು. ಅವರು ನಗಲಿಲ್ಲ.

ಎರಡನೆಯದು: ‘ಅರ್ಧಕ್ಕೆ ಬಿಟ್ಟದ್ದು ಯಾವುದು? ಎಲ್ಲಿ ಬಿಟ್ಟೆ?’ ಮದುಮಗಳ ವಿಷಯ ಹೇಳಿದೆ. ‘ಹೆಸರುಗಳು ಜಾಸ್ತಿಯಾಗಿ ಬಿಟ್ಟೆಯಾ, ಪದ ಅರ್ಥವಾಗದೆ ಬಿಟ್ಟೆಯಾ?’ ಎಂದು ಮತ್ತೆ ಕೇಳಿದರು. ಯೋಚಿಸಿದಾಗ ಹೆಸರುಗಳೇ ಕಾರಣ ಎಂದು ಗೊತ್ತಾಯಿತು.

ಮೂರನೆಯದು: ‘ಮನೆಯಲ್ಲಿ ಯಾರಾದ್ರೂ ಮಾತಾಡುವಾಗ ಯಾವ ಕತೆ ಬಂದರೆ ನೀನು ಎದ್ದು ಹೋಗದೆ ಕೂರ್ತೀಯ?’ ನನ್ನ ಅಬ್ಬಾ ಲಾರಿ ಡ್ರೈವರ್. ಘಾಟಿಯಲ್ಲಿ ರಾತ್ರಿ ಆನೆ ಅಡ್ಡ ನಿಂತದ್ದು, ಲಾರಿಯೊಳಗೆ ಕೇರೆಹಾವು ಬಂದದ್ದು, ಇಂಥವನ್ನು ಅವರು ಹೇಳಿದರೆ ನಾನು ಊಟವನ್ನೂ ಮರೆಯುತ್ತೇನೆ. ಅದನ್ನೇ ಹೇಳಿದೆ.

ಮೇಡಂ ಎದ್ದು ಹೋಗಿ ತಂದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’. ‘ಮೊದಲಿಂದ ಓದಬೇಕು ಅಂತಿಲ್ಲ. ನಾಯಿ ಇರೋ ಅಧ್ಯಾಯ ಹುಡುಕಿಕೊಂಡು ಓದು’ ಎಂದರು. ಅದರಲ್ಲಿ ಕಿವಿ ಎಂಬ ನಾಯಿ ಇದೆ, ಕಾಡಿದೆ, ಮೀನು ಹಿಡಿಯುವುದಿದೆ, ಹಕ್ಕಿಗಳಿವೆ. ಒಂದೊಂದು ಅಧ್ಯಾಯವೂ ಬೇರೆ ಬೇರೆ. ನಮ್ಮ ಹಾಗೆಯೇ ಮಾತಾಡುವ ಪ್ಯಾರ ಇದ್ದಾನೆ. ಅವನ ಮಾತು ಓದಿ ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪುಸ್ತಕದ ಕನ್ನಡದೊಳಗೆ ನಮ್ಮ ಮನೆಯಂಥ ಮನೆಯವರೂ ಇರಬಹುದು ಎಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ. ಹನ್ನೊಂದು ದಿನದಲ್ಲಿ ಪುಸ್ತಕ ಮುಗಿಯಿತು. ನಾನು ಮುಗಿಸಿದ ಮೊದಲ ಕನ್ನಡ ಪುಸ್ತಕ ಅದು.

ಆಮೇಲೆ ಮೇಡಂ ಒಂದು ವಿಷಯ ಹೇಳಿದರು. ಎಸ್.ಆರ್. ರಂಗನಾಥನ್ ಎಂಬವರು ಗಣಿತದ ಅಧ್ಯಾಪಕರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಗ್ರಂಥಾಲಯಗಳಿಗೆ ಅವರು ಐದು ಸೂತ್ರಗಳನ್ನು ರೂಪಿಸಿ 1931ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬ ಓದುಗರಿಗೂ ಅವರದೇ ಆದ ಪುಸ್ತಕವಿದೆ, ಪ್ರತಿಯೊಂದು ಪುಸ್ತಕಕ್ಕೂ ಅದರದೇ ಆದ ಓದುಗರಿದ್ದಾರೆ ಎಂಬುದು ಅವುಗಳಲ್ಲಿ ಎರಡು ಸೂತ್ರಗಳ ಸಾರ. ಅವರ ಹುಟ್ಟುಹಬ್ಬವಾದ ಆಗಸ್ಟ್ 12ನ್ನೇ ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. ಆ ಎರಡು ಸೂತ್ರಗಳನ್ನು ಕೇಳಿದ ಮೇಲೆ ಮದುಮಗಳ ಬಗ್ಗೆ ನನಗಿದ್ದ ಅವಮಾನ ಹೋಯಿತು. ಅದರ ಓದುಗಳು ನಾನೇ ಇರಬಹುದು, ಇನ್ನೂ ಆಗಿಲ್ಲ ಅಷ್ಟೇ.

ಹೇಳುವವರು ಓದಿದ್ದಾರಾ?

2025ರ ಮೇ ತಿಂಗಳಲ್ಲಿ ನಮಗೆ ರಜೆ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರು ಕನ್ನಡದಲ್ಲಿ ಬರೆದ 12 ಕತೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಸಂಕಲನ ಅದು. ಆ ವಾರ ನನ್ನ ಫೋನಿನಲ್ಲಿ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಚಿತ್ರ, ‘ಎಲ್ಲರೂ ಓದಲೇಬೇಕು’ ಎಂಬ ಸಾಲು. ನನಗೂ ಹೆಮ್ಮೆಯಾಯಿತು. ‘ಯಾವ ಕತೆ ಮೊದಲು ಓದಲಿ?’ ಎಂದು ಸ್ಟೇಟಸ್ ಹಾಕಿದವರಲ್ಲಿ ಕೆಲವರನ್ನು ಕೇಳಿದೆ. ಉತ್ತರ ಬರಲಿಲ್ಲ. ಅವರು ಯಾರೂ ಇನ್ನೂ ಓದಿರಲಿಲ್ಲ.

ನಮಗೆ ಮದ್ರಸದಲ್ಲಿ ಕಲಿಸಿದ ಒಂದು ಮಾತು ಆಗ ನೆನಪಾಯಿತು. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಕೇವಲ ಮಾತನ್ನು ಬರೆದುಕೊಳ್ಳಲಿಲ್ಲ. ಆ ಮಾತನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನೂ, ಅಂದರೆ ಸನದನ್ನೂ ಜೊತೆಗೆ ಬರೆದಿಟ್ಟರು. ಆ ಸರಪಳಿಯಲ್ಲಿರುವ ಒಬ್ಬೊಬ್ಬರೂ ಎಂಥವರು, ನೆನಪು ಗಟ್ಟಿ ಇದ್ದವರೇ, ನಿಜವಾಗಿ ಒಬ್ಬರನ್ನೊಬ್ಬರು ಭೇಟಿಯಾಗಿದ್ದರೇ ಎಂದು ಪರೀಕ್ಷಿಸಿದರು. ಅದು ಧರ್ಮದ ವಿಷಯ, ಬಹಳ ದೊಡ್ಡ ಶಾಸ್ತ್ರ. ಕತೆ ಪುಸ್ತಕದ ಶಿಫಾರಸನ್ನು ನಾನು ಅದಕ್ಕೆ ಹೋಲಿಸುತ್ತಿಲ್ಲ. ಆದರೆ ಒಂದು ಅಭ್ಯಾಸವನ್ನು ಅಲ್ಲಿಂದ ಕಲಿಯಬಹುದು. ಮಾತು ಸಿಕ್ಕ ಕೂಡಲೇ ನಂಬದೆ, ಅದು ಯಾರಿಂದ ಬಂತು ಎಂದು ಕೇಳುವ ಅಭ್ಯಾಸ.

ಯಾರಾದರೂ ಒಂದು ಪುಸ್ತಕ ಹೇಳಿದರೆ ನಾನು ಈಗ ವಿನಯದಿಂದಲೇ ಕೇಳುತ್ತೇನೆ: ‘ನೀವು ಓದಿದ್ದೀರಾ, ಯಾರಾದರೂ ಹೇಳಿದ್ದಾ?’ ಓದಿಲ್ಲ ಎಂದರೆ ಬೇಜಾರಿಲ್ಲ. ಅವರಿಗೆ ಹೇಳಿದವರು ಯಾರು ಎಂದು ತಿಳಿದುಕೊಂಡು ಅವರ ಹತ್ತಿರ ಹೋಗುತ್ತೇನೆ. ಬೂಕರ್ ವಿಷಯದಲ್ಲೂ ಹಾಗೆಯೇ ಆಯಿತು. ನಮ್ಮ ಬಂಧುಗಳಲ್ಲಿ ಒಬ್ಬ ಆಪಾ ಬಾನು ಮುಷ್ತಾಕ್ ಅವರ ಕತೆಗಳನ್ನು ಪ್ರಶಸ್ತಿ ಬರುವ ಎಷ್ಟೋ ವರ್ಷ ಮೊದಲೇ ಕನ್ನಡದಲ್ಲಿ ಓದಿದ್ದರು. ಅವರು ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಕತೆಯ ಹೆಸರು ಹೇಳಿ, ‘ಒಬ್ಬಳೇ ಇರುವಾಗ ಓದು, ಓದಿದ ಮೇಲೆ ನನಗೆ ಫೋನ್ ಮಾಡು’ ಎಂದರು. ಅಷ್ಟೊಂದು ಸ್ಟೇಟಸ್ಸುಗಳಿಗಿಂತ ಓದಿದ ಒಬ್ಬರ ಮಾತು ನನಗೆ ಉಪಯೋಗಕ್ಕೆ ಬಂತು. ನಾನು ಫೋನ್ ಮಾಡಿದೆ. ಮಾತು ಮುಗಿಯುವಾಗ ಒಂದು ಗಂಟೆ ಆಗಿತ್ತು.

ಪ್ರಶ್ನೆ ಬದಲಾಯಿಸಿ ನೋಡಿ

ಹಾಗಾದರೆ ಏನೆಂದು ಕೇಳಬೇಕು? ನನಗೆ ಹೆಚ್ಚು ಫಲ ಕೊಟ್ಟ ಪ್ರಶ್ನೆ ಇದು: ‘ನೀವು ನಮ್ಮ ವಯಸ್ಸಿನಲ್ಲಿದ್ದಾಗ ಓದಿ, ಈಗಲೂ ನೆನಪಿರುವ ಪುಸ್ತಕ ಯಾವುದು?’ ಇದಕ್ಕೆ ಯಾರೂ ದೊಡ್ಡ ಹೆಸರು ಹುಡುಕುವುದಿಲ್ಲ. ತಮ್ಮ ನೆನಪನ್ನೇ ಹುಡುಕುತ್ತಾರೆ.

ಈ ಪ್ರಶ್ನೆಯನ್ನು ನಾನು ನಮ್ಮ ಅಕೌಂಟೆನ್ಸಿ ಸರ್ ಅವರನ್ನು ಕೇಳಿದೆ. ಲೆಡ್ಜರ್ ಬಿಟ್ಟು ಬೇರೆ ಮಾತಾಡಿದ್ದನ್ನು ನಾವು ನೋಡಿಯೇ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಚೋಮನ ದುಡಿ’ ಎಂದರು. ಶಿವರಾಮ ಕಾರಂತರ ಈ ಕಾದಂಬರಿ 1933ರದು, ಚಿಕ್ಕದು. ಸ್ವಂತ ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಜಾತಿಯ ಕಾರಣಕ್ಕೆ ಅದು ಈಡೇರದಿರುವುದು, ಸಂಕಟ ಬಂದಾಗೆಲ್ಲ ಅವನು ಬಾರಿಸುವ ದುಡಿ. ‘ನಮ್ಮ ತಾತನೂ ಬೇರೆಯವರ ಹೊಲವನ್ನು ಗೇಣಿಗೆ ಮಾಡ್ತಿದ್ರು. ಹಾಸ್ಟೆಲಿನಲ್ಲಿ ಒಂದೇ ರಾತ್ರಿಯಲ್ಲಿ ಓದಿದ್ದೆ, ಬೆಳಗ್ಗೆ ಊರಿಗೆ ಹೋಗಿಬಿಟ್ಟೆ’ ಎಂದರು. ನಾನೂ ಓದಿದೆ. ಪುಸ್ತಕದ ಜೊತೆಗೆ ಸರ್ ಅವರೂ ನನಗೆ ಸ್ವಲ್ಪ ಗೊತ್ತಾದರು. ಇದು ಬೇರೆಯವರನ್ನು ಕೇಳಿ ಓದುವುದರಲ್ಲಿರುವ ದೊಡ್ಡ ಲಾಭ. ಒಂದು ಪುಸ್ತಕ ಕೇಳಿದರೆ ಒಬ್ಬ ಮನುಷ್ಯನೂ ಸಿಗುತ್ತಾನೆ.

ಪುಸ್ತಕಗಳೇ ಕಡಿಮೆ ಇರುವ ಊರಿನಲ್ಲಿ ಇಂಥ ಒಬ್ಬರು ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಬಾಲ್ಯವೇ ಉದಾಹರಣೆ. ಅವರ ಆತ್ಮಕತೆ ‘ವಿಂಗ್ಸ್ ಆಫ್ ಫೈರ್’ 1999ರಲ್ಲಿ ಬಂತು. ರಾಮೇಶ್ವರದಲ್ಲಿ ಆಗ ಪುಸ್ತಕಗಳು ಸಿಗುವುದೇ ಕಷ್ಟವಾಗಿತ್ತು. ಎಸ್.ಟಿ.ಆರ್. ಮಾಣಿಕ್ಕಂ ಎಂಬ ಸ್ವಾತಂತ್ರ್ಯ ಹೋರಾಟದ ಹಿನ್ನೆಲೆಯವರ ಮನೆಯಲ್ಲಿ ಮಾತ್ರ ಸಾಕಷ್ಟು ಪುಸ್ತಕಗಳಿದ್ದವು. ಹುಡುಗ ಕಲಾಂ ಅವರ ಮನೆಗೆ ಹೋಗಿ ಎರವಲು ತಂದು ಓದುತ್ತಿದ್ದರು, ಅವರು ಇನ್ನಷ್ಟು ಓದು ಎಂದು ಹುರಿದುಂಬಿಸುತ್ತಿದ್ದರು. ಇದನ್ನು ಕಲಾಂ ಅವರೇ ಬರೆದುಕೊಂಡಿದ್ದಾರೆ. ನಿಮ್ಮ ಊರಿನಲ್ಲೂ ಇಂಥ ಒಂದು ಬೀರು ಯಾರದೋ ಮನೆಯಲ್ಲಿ ಇದ್ದೇ ಇರುತ್ತದೆ. ಬಾಗಿಲು ತಟ್ಟುವುದು ನಮ್ಮ ಕೆಲಸ.

ಕೇಳಲು ಯಾರೂ ಇಲ್ಲದಿದ್ದರೆ

ಕೇಳಲು ನಾಚಿಕೆ ಇರುವವರಿಗೆ, ಕೇಳುವಂಥವರು ಮನೆಯಲ್ಲಿ ಇಲ್ಲದವರಿಗೆ ಇನ್ನೊಂದು ದಾರಿಯಿದೆ. ನಮ್ಮ ಪಠ್ಯಪುಸ್ತಕ. ಪಾಠದ ಜೊತೆ ಲೇಖಕರ ಪರಿಚಯ ಇರುತ್ತದಲ್ಲ, ಒಂದು ಅಂಕದ ಪ್ರಶ್ನೆಗೆಂದು ನಾವು ಬಾಯಿಪಾಠ ಮಾಡುವುದು, ಅದು ನಿಜವಾಗಿ ಒಂದು ಪುಸ್ತಕ ಪಟ್ಟಿ. ನಾವೆಲ್ಲ ತರಗತಿಯಲ್ಲಿ ನಗುತ್ತಾ ಓದಿದ ‘ಕೃಷ್ಣೇಗೌಡನ ಆನೆ’ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಸಂಕಲನದಲ್ಲಿದೆ. ಆ ಕತೆ ಇಷ್ಟವಾದವರಿಗೆ ಮುಂದಿನ ಪುಸ್ತಕ ಯಾವುದೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಅಲ್ಲಿಂದ ‘ಕರ್ವಾಲೊ’ಗೆ ಹೋಗಬಹುದು. ಹಾರುವ ಓತಿಯನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ರೈತ, ಮಂದಣ್ಣನೆಂಬ ಹಳ್ಳಿಯವನು ಕಾಡಿಗೆ ಹೋಗುವ ಕತೆ ಅದು. ವಿಜ್ಞಾನ ವಿಭಾಗದವರು ಇದನ್ನು ಓದದೆ ಕಾಲೇಜು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಪ್ರಶಸ್ತಿಗಳ ಪಟ್ಟಿಯೂ ಒಂದು ಶಿಫಾರಸೇ, ಆದರೆ ಅದನ್ನು ಉಪಯೋಗಿಸುವ ರೀತಿ ಬೇರೆ. ಕುವೆಂಪು ಅವರಿಗೆ ಜ್ಞಾನಪೀಠ ತಂದುಕೊಟ್ಟದ್ದು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯ. ಅಲ್ಲಿಂದಲೇ ಶುರು ಮಾಡಿದರೆ ನನ್ನಂಥವರು ಮತ್ತೆ ಬಟ್ಟೆಯಲ್ಲಿ ಸುತ್ತಿ ಇಡಬೇಕಾಗುತ್ತದೆ. ಅದೇ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಚಿಕ್ಕ ಚಿಕ್ಕ ಬರಹಗಳ ಪುಸ್ತಕ, ಒಂದೊಂದನ್ನು ಒಂದು ಬಸ್ ಪ್ರಯಾಣದಲ್ಲಿ ಓದಬಹುದು. ಬೊಳುವಾರು ಮಹಮದ್ ಕುಂಞಿ ಅವರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಸ್ವಾತಂತ್ರ್ಯದ ಓಟ’ ಎಂಬ ದಪ್ಪ ಕಾದಂಬರಿಗೆ. ಅದಕ್ಕೆ ಹೆದರುವವರು ಮುತ್ತುಪ್ಪಾಡಿ ಎಂಬ ಕಲ್ಪಿತ ಊರಿನ ಸುತ್ತ ಅವರು ಬರೆದ ಸಣ್ಣಕತೆಗಳಿಂದ ಶುರು ಮಾಡಬಹುದು. ಪ್ರಶಸ್ತಿ ಲೇಖಕರ ಹೆಸರನ್ನು ತೋರಿಸುತ್ತದೆ. ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಕನ್ನಡ ಓದಲು ಬಾರದ ನಾನಿ ಹೇಳಿದ ಪುಸ್ತಕ

ನನ್ನ ನಾನಿಗೆ ಕನ್ನಡ ಓದಲು ಬರುವುದಿಲ್ಲ, ಉರ್ದು ಬರುತ್ತದೆ. ಲೈಬ್ರರಿ ಮೇಡಂ ಎರಡನೆಯದಾಗಿ ಕೊಟ್ಟದ್ದು ಮಲಯಾಳಂನ ವೈಕಂ ಮುಹಮ್ಮದ್ ಬಷೀರ್ ಅವರ ‘ಪಾತುಮ್ಮಳ ಆಡು’, ಕನ್ನಡ ಅನುವಾದ. ಲೇಖಕರು ತಮ್ಮ ಮನೆಯ ಕತೆಯನ್ನೇ ಹೇಳುತ್ತಾರೆ. ತಂಗಿಯ ಆಡು ಮನೆಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಕೊನೆಗೆ ಬಷೀರ್ ಬರೆದ ಪುಸ್ತಕಗಳ ಪ್ರತಿಗಳನ್ನೂ ತಿಂದು, ಅವರ ಹೊದಿಕೆಗೂ ಬಾಯಿ ಹಾಕುತ್ತದೆ. ಇದನ್ನು ನಾನು ರಾತ್ರಿ ಒಂದೊಂದು ಪುಟ ಓದಿ ನಾನಿಗೆ ನಮ್ಮ ದಖ್ಖನಿಯಲ್ಲಿ ಹೇಳುತ್ತಿದ್ದೆ. ನಾನಿ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಯುತ್ತಿದ್ದರು.

ಪುಸ್ತಕ ಮುಗಿದ ದಿನ ನಾನಿ ‘ಬೇಟಿ, ಈಗ ನನ್ನ ಪುಸ್ತಕ ನೀನು ಓದು’ ಎಂದರು. ಅವರು ಹೇಳಿದ್ದು ‘ಮಿರಾತುಲ್ ಉರೂಸ್’. ಡೆಪ್ಯುಟಿ ನಝೀರ್ ಅಹ್ಮದ್ 1869ರಲ್ಲಿ ಪ್ರಕಟಿಸಿದ ಉರ್ದು ಕಾದಂಬರಿ. ತಮ್ಮ ಹೆಣ್ಣುಮಕ್ಕಳಿಗೆ ಓದಲು ತಕ್ಕ ಪುಸ್ತಕ ಸಿಗದೆ ಅವರು ತಾವೇ ಬರೆದದ್ದು ಅದು. ಜಗಳಗಂಟಿ ಅಕ್ಕ ಅಕ್ಬರಿ, ಜಾಣೆ ತಂಗಿ ಅಸ್ಗರಿ. ಅಕ್ಬರಿ ಒಬ್ಬ ಮೋಸಗಾತಿಯ ಮಾತಿಗೆ ಮರುಳಾಗಿ ಒಡವೆ ಕಳೆದುಕೊಳ್ಳುತ್ತಾಳೆ, ಅಸ್ಗರಿ ಮನೆಯನ್ನು ಸರಿಪಡಿಸಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡುತ್ತಾಳೆ. ನಾನಿಯ ಮದುವೆಗೆ ಮೊದಲು ಅವರ ಅಮ್ಮ ಓದಿಸಿದ್ದರಂತೆ.

ನಾನು ಓದಿ ‘ನಾನಿ, ಅಸ್ಗರಿ ಒಂದು ತಪ್ಪನ್ನೂ ಮಾಡುವುದಿಲ್ಲ, ನನಗೆ ಅಕ್ಬರಿಯೇ ಇಷ್ಟ’ ಎಂದೆ. ನಾನಿ ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಬಾಗಿಲ ಕಡೆ ನೋಡಿ ಮೆಲ್ಲಗೆ ‘ನನಗೂ’ ಎಂದರು. ಆ ಒಂದು ಮಾತಿಗಾಗಿಯಾದರೂ ಆ ಪುಸ್ತಕ ಓದಿದ್ದು ಸಾರ್ಥಕ. ಓದಿದವರು, ಕಲಿತವರು ಮಾತ್ರ ಪುಸ್ತಕ ಹೇಳಬಲ್ಲರು ಎಂದುಕೊಂಡು ಮನೆಯ ಹಿರಿಯರನ್ನು ನಾವು ಕೇಳುವುದೇ ಇಲ್ಲ. ಕೇಳಿ ನೋಡಿ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಕಲಿತ ಮೇಲೆ ನಾನು ಬೇರೆಯವರಿಗೆ ಪುಸ್ತಕ ಹೇಳಲು ಶುರು ಮಾಡಿದೆ. ಅಲ್ಲಿ ಎಡವಿದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿ ನನಗೆ ಎರಡು ದಿನ ನಿದ್ದೆ ಬಂದಿರಲಿಲ್ಲ. ತಂದೆಯ ಹಠದಿಂದ ಗಂಡನಿಂದ ಬೇರೆಯಾಗಬೇಕಾದ ನಾದಿರಾಳ ಕತೆ, ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಕಾಸರಗೋಡಿನ ಸಾರಾ ಅವರ ಮನೆಮಾತೂ ಕನ್ನಡವಲ್ಲ, ಆದರೂ ಇಷ್ಟು ಚೆನ್ನಾಗಿ ಬರೆದರಲ್ಲ ಎಂದು ನನಗೆ ಅವರ ಮೇಲೆ ವಿಶೇಷ ಅಭಿಮಾನ. ‘ಇದನ್ನು ಓದಲೇಬೇಕು’ ಎಂದು ಒಬ್ಬ ಗೆಳತಿಯ ಕೈಗೆ ಇಟ್ಟೆ. ಎರಡೇ ದಿನಕ್ಕೆ ತಂದುಕೊಟ್ಟಳು. ‘ಮನೆಯಲ್ಲಿ ದಿನಾ ಇದನ್ನೇ ನೋಡ್ತಾ ಇದ್ದೀನಿ. ಪುಸ್ತಕದಲ್ಲೂ ಇದೇನಾ?’ ಎಂದಳು. ಅವಳ ಅಕ್ಕ ಎರಡು ತಿಂಗಳ ಹಿಂದೆ ತಲಾಕ್ ಆಗಿ ಮಗುವಿನೊಂದಿಗೆ ತವರಿಗೆ ಬಂದಿದ್ದಳು. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಪ್ರಯತ್ನಿಸಿಯೂ ಇರಲಿಲ್ಲ.

ಬೀದಿಯ ಮೇಷ್ಟ್ರು ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದ್ದೆ. ನನಗೆ ದೊಡ್ಡದಾಗಿ ಕಂಡದ್ದನ್ನು ಅವಳ ಕೈಗಿಟ್ಟೆ, ಅವಳನ್ನು ನೋಡಲಿಲ್ಲ. ಕ್ಷಮೆ ಕೇಳಿದೆ. ‘ಈಗ ನಿನಗೆ ಏನು ಓದಬೇಕು ಅನ್ಸುತ್ತೆ?’ ಎಂದು ಕೇಳಿದೆ. ‘ನಗಿಸೋದು ಏನಾದ್ರೂ ಇದ್ರೆ ಕೊಡು’ ಎಂದಳು. ಪಾತುಮ್ಮಳ ಆಡು ಅವಳ ಮನೆಗೆ ಹೋಯಿತು. ಅವಳಿಗಿಂತ ಮೊದಲು ಅವಳ ಅಕ್ಕ ಓದಿದರಂತೆ. ನಾದಿರಾಳ ಕತೆಯನ್ನು ಅವಳು ಇನ್ನೂ ಮತ್ತೆ ಕೇಳಿಲ್ಲ, ನಾನೂ ಹೇಳಿಲ್ಲ. ಕೇಳುವ ದಿನ ಬಂದರೆ ಕೊಡುತ್ತೇನೆ. ಇದನ್ನು ಇಲ್ಲಿ ಬರೆಯುವ ಮೊದಲು ಅವಳ ಒಪ್ಪಿಗೆ ಪಡೆದಿದ್ದೇನೆ. ‘ಬರೆ, ಬೇರೆಯವರು ಹಾಗೆ ಮಾಡದಿರಲಿ’ ಎಂದಳು.

ತಿರುಗಿ ಹೇಳುವುದು

ಕೊನೆಯದಾಗಿ, ನಾವು ಎಲ್ಲರೂ ಮರೆಯುವ ಒಂದು ಕೆಲಸ. ಪುಸ್ತಕ ಹೇಳಿದವರ ಹತ್ತಿರ ಹೋಗಿ ಏನಾಯಿತೆಂದು ಹೇಳುವುದು. ಇಷ್ಟವಾಯಿತು ಎನ್ನುವುದಕ್ಕಿಂತ ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಎಂದು ಹೇಳುವುದು ಹೆಚ್ಚು ಉಪಯೋಗ. ವೈದ್ಯರಿಗೆ ಮೊದಲ ಮಾತ್ರೆ ನಾಟಲಿಲ್ಲ ಎಂದು ಹೇಳಿದರೆ ತಾನೇ ಬೇರೆ ಮಾತ್ರೆ ಬರೆದುಕೊಡುವುದು? ನಾವು ಸಂಕೋಚಕ್ಕೆ ‘ಚೆನ್ನಾಗಿತ್ತು ಸರ್’ ಎಂದು ಸುಳ್ಳು ಹೇಳಿದರೆ ಮುಂದಿನದೂ ಅಂಥದ್ದೇ ಬರುತ್ತದೆ. ಒಂದೂವರೆ ವರ್ಷದ ಮೇಲೆ ನಾನು ಬೀದಿಯ ಮೇಷ್ಟ್ರಿಗೆ ನಿಜ ಹೇಳಿದೆ, ‘ಹದಿನೈದು ಪುಟಕ್ಕೆ ಬಿಟ್ಟೆ ಸರ್’ ಎಂದೆ. ಅವರು ಜೋರಾಗಿ ನಕ್ಕು ‘ನಾನು ಓದಿದ್ದು ಮೂವತ್ತು ವರ್ಷ ಆದ ಮೇಲೆ. ನಿನಗೆ ಹದಿನಾರಕ್ಕೇ ಕೊಟ್ಟೆನಲ್ಲ’ ಎಂದರು. ಪುಸ್ತಕ ವಾಪಸ್ ತಗೊಳ್ಳಲಿಲ್ಲ. ‘ನಿನ್ನ ಹತ್ತಿರವೇ ಇರಲಿ, ಅವಸರ ಇಲ್ಲ’ ಎಂದರು.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪುಟಕ್ಕೆ ನಾಲ್ಕು ಕಲಂ: ಪುಸ್ತಕದ ಹೆಸರು, ಯಾರು ಹೇಳಿದರು, ಯಾಕೆ ಹೇಳಿದರು, ನನಗೆ ಏನಾಯಿತು. ಕೆಲವು ತಿಂಗಳಾದ ಮೇಲೆ ತಿರುವಿ ನೋಡಿದರೆ ಯಾರ ಮಾತು ನಮಗೆ ಹೊಂದುತ್ತದೆ ಎಂದು ತಾನಾಗಿ ಕಾಣುತ್ತದೆ. ಮೂವತ್ತು ಪುಟ ಓದಿಯೂ ಹಿಡಿಸದಿದ್ದರೆ ಬಿಡುತ್ತೇನೆ, ನಾಲ್ಕನೇ ಕಲಮಿನಲ್ಲಿ ಕಾರಣ ಬರೆಯುತ್ತೇನೆ. ಬೋರ್ಡ್ ಪರೀಕ್ಷೆಯ ವರ್ಷ, ಸಮಯ ಎಲ್ಲಿ ಎಂದು ಕೇಳುವವರಿಗೆ: ನಾನು ಓದುವುದು ಬಸ್ಸಿನಲ್ಲಿ, ಮತ್ತು ಮಲಗುವ ಮೊದಲು ಹತ್ತು ಪುಟ. ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಯಲ್ಲಿ ಕನ್ನಡಕ್ಕೆ 80ಕ್ಕೆ 58 ಬಂತು. ಅಂಕಕ್ಕಾಗಿ ಓದಲಿಲ್ಲ, ಆದರೆ ಅದೂ ಬಂತು.

ಲೈಬ್ರರಿ ಮೇಡಂ ಅವರ ಅನುಮತಿಯಿಂದ ಬಾಗಿಲ ಪಕ್ಕದ ಮೇಜಿನ ಮೇಲೆ ಅಂಥದೇ ನಾಲ್ಕು ಕಲಂಗಳ ದೊಡ್ಡ ನೋಟ್‌ಬುಕ್ ಒಂದನ್ನು ಇಟ್ಟಿದ್ದೇವೆ. ನೀವು ನಿಜವಾಗಿ ಓದಿದ ಒಂದು ಪುಸ್ತಕದ ಹೆಸರು ಬರೆಯಿರಿ. ಕನ್ನಡವೇ ಆಗಬೇಕೆಂದಿಲ್ಲ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ಎಂಥವರಿಗೆ ಅದು ಹಿಡಿಸಬಹುದು ಎಂದು ಒಂದು ಸಾಲು ಸೇರಿಸಿ. ಅಧ್ಯಾಪಕರಲ್ಲೂ ಒಂದು ವಿನಂತಿ: ನೀವು ನಮ್ಮ ವಯಸ್ಸಿನಲ್ಲಿ ಓದಿದ್ದನ್ನು ಬರೆಯಿರಿ. ದೊಡ್ಡ ಪುಸ್ತಕವೇ ಆಗಬೇಕಿಲ್ಲ, ನೆನಪಿರುವುದು ಸಾಕು. ಕೊನೆಯ ಬೆಂಚಿನಲ್ಲಿ ಈ ವರ್ಷವೂ ಯಾರೋ ಒಬ್ಬರು ಬ್ಯಾಗಿನಲ್ಲಿ ಅರ್ಜಿ ಇಟ್ಟುಕೊಂಡು ಕೂತಿರುತ್ತಾರೆ. ನೀವು ಬರೆಯುವ ಸಾಲು ಅವರಿಗೆ ಬೇಕಾದದ್ದೇ ಆಗಿರಬಹುದು.